ಹೊಳೆಯುವ ಬೋಲ್ಟು, ಮಂಕು ಬೋಲ್ಟು: ಬೈಕಿನ ತಿರುಪಿನ ಹಿಂದಿನ ಇನ್ನೂರು ವರ್ಷದ ಕಥೆ

ತಾಲ್ಲೂಕು ಕೇಂದ್ರದ ಯಾವುದೇ ಬೈಕ್ ಸಾಮಾನಿನ ಅಂಗಡಿಗೆ ಹೋಗಿ ನೋಡಿ. ಹ್ಯಾಂಡಲ್ ಗ್ರಿಪ್ಪು, ಎಲ್‌ಇಡಿ ಪಟ್ಟಿ, ಸ್ಟಿಕ್ಕರುಗಳ ಪಕ್ಕದಲ್ಲಿ ಕನ್ನಡಿಯ ಹಾಗೆ ಹೊಳೆಯುವ ಬೋಲ್ಟುಗಳ ಪೊಟ್ಟಣ ನೇತಾಡುತ್ತಿರುತ್ತದೆ. ಆಯುಧಪೂಜೆ ಹತ್ತಿರ ಬಂದರೆ ಇವಕ್ಕೆ ಗಿರಾಕಿ ಜಾಸ್ತಿ. ಕಂಪನಿಯಿಂದ ಬಂದ ಮಂಕು ಬೋಲ್ಟು ಬಿಚ್ಚಿಸಿ ಅದರ ಜಾಗಕ್ಕೆ ಕ್ರೋಮ್ ಬೋಲ್ಟು ಹಾಕಿಸಿದರೆ ಹಳೇ ಗಾಡಿಗೂ ಹೊಸ ಕಳೆ ಬರುತ್ತದೆ. ಅಂದ ಬಯಸುವುದು ತಪ್ಪೇನಲ್ಲ. ಎತ್ತಿನ ಕೊಂಬಿಗೆ ಕೊಣಸು ಹಾಕಿ ಮೆರೆಸಿದವರ ಮಕ್ಕಳು ನಾವು.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಟ್ಯಾಂಕಿಗೆ ಅಷ್ಟು ಚಂದದ ಬಣ್ಣ ಹೊಡೆಯುವ ಕಂಪನಿಯವರು ಬೋಲ್ಟಿನ ವಿಷಯಕ್ಕೆ ಬಂದರೆ ಮಾತ್ರ ಯಾಕೆ ಹೀಗೆ ಮಂಕು ಸಾಮಾನು ಹಾಕುತ್ತಾರೆ? ಖರ್ಚು ಉಳಿಸಲು ಎಂಬ ಉತ್ತರದಲ್ಲಿ ಸ್ವಲ್ಪ ನಿಜ ಇದೆ. ಪೂರ್ತಿ ಉತ್ತರ ಬೇಕಾದರೆ ಸುಮಾರು ಇನ್ನೂರು ವರ್ಷ ಹಿಂದಕ್ಕೆ ಹೋಗಬೇಕು. ಆ ಮಂಕು ಬೋಲ್ಟಿನ ಬಣ್ಣದಲ್ಲಿ, ಸುತ್ತಿನಲ್ಲಿ, ತಲೆಯ ಮೇಲಿನ ಸಣ್ಣ ಅಂಕಿಯಲ್ಲಿ ಜನ ಪೆಟ್ಟು ತಿಂದು ಕಲಿತ ಪಾಠಗಳಿವೆ. ಅದನ್ನು ಓದಲು ಬಂದರೆ ಯಾವ ಬೋಲ್ಟು ಬದಲಿಸಬಹುದು, ಯಾವುದನ್ನು ಮುಟ್ಟಬಾರದು ಎಂಬುದು ತಾನಾಗಿಯೇ ತಿಳಿಯುತ್ತದೆ.

ಒಂದೊಂದು ಬೋಲ್ಟಿಗೆ ಒಂದೊಂದೇ ನಟ್ಟು

ಇನ್ನೂರು ವರ್ಷದ ಹಿಂದೆ ಒಂದು ಯಂತ್ರದ ನಟ್ಟು ಕಳೆದುಹೋದರೆ ಇನ್ನೊಂದು ಯಂತ್ರದ್ದು ತಂದು ಹಾಕುವಂತಿರಲಿಲ್ಲ. ಪ್ರತಿ ಕಾರ್ಖಾನೆ ತನಗೆ ತೋಚಿದ ಅಳತೆಯಲ್ಲಿ ತಿರುಪು ಕೊರೆಯುತ್ತಿತ್ತು. ನಮ್ಮೂರ ಗಾಡಿಯ ಕಡಾಣಿಯನ್ನು ಆಯಾ ಬಡಗಿಯೇ ಮಾಡಿಕೊಡಬೇಕಿದ್ದ ಹಾಗೆ.

ಇಂಗ್ಲೆಂಡಿನ ಹೆನ್ರಿ ಮಾಡ್ಸ್‌ಲಿ ಎಂಬ ಯಂತ್ರಗಾರ 1800ರ ಆಸುಪಾಸಿನಲ್ಲಿ ತಿರುಪನ್ನು ನಿಖರವಾಗಿ ಕೊರೆಯುವ ಲೇತ್ ಕಟ್ಟಿದ. ಅವನ ಕಾರ್ಖಾನೆಯಲ್ಲಿ ದುಡಿದಿದ್ದ ಜೋಸೆಫ್ ವಿಟ್‌ವರ್ತ್ ಇನ್ನೂ ಮುಂದೆ ಹೋದ. ಬೇರೆ ಬೇರೆ ಕಾರ್ಖಾನೆಗಳ ಬೋಲ್ಟುಗಳನ್ನು ತರಿಸಿ, ಅಳೆದು, ಅವುಗಳ ನಡುವಿನ ಸರಾಸರಿ ಅಳತೆಯೊಂದನ್ನು 1841ರಲ್ಲಿ ಮುಂದಿಟ್ಟ. ಇಷ್ಟು ದಪ್ಪದ ಬೋಲ್ಟಿಗೆ ಒಂದು ಇಂಚಿನಲ್ಲಿ ಇಷ್ಟೇ ಸುತ್ತು, ಸುತ್ತಿನ ಕೋನ 55 ಡಿಗ್ರಿ. ಗ್ಯಾರೇಜಿನವರು ಥ್ರೆಡ್ ಎನ್ನುವುದು ಇದೇ ಸುತ್ತಿಗೆ. ಇಂಗ್ಲೆಂಡಿನ ರೈಲ್ವೆಗಳು ಇದನ್ನು ಒಪ್ಪಿಕೊಂಡವು. ಒಂದು ಊರಿನ ಬೋಲ್ಟಿಗೆ ಇನ್ನೊಂದು ಊರಿನ ನಟ್ಟು ಕೂರತೊಡಗಿತು.

ಆದರೆ ಅಮೆರಿಕದ ವಿಲಿಯಂ ಸೆಲ್ಲರ್ಸ್ 1864ರಲ್ಲಿ ಬೇರೆ ಪದ್ಧತಿ ಮುಂದಿಟ್ಟ. ಅವನದು 60 ಡಿಗ್ರಿ. ಯುರೋಪಿನವರು 1898ರಲ್ಲಿ ಜ್ಯೂರಿಕ್ ನಗರದಲ್ಲಿ ಸೇರಿ ಮಿಲಿಮೀಟರ್ ಲೆಕ್ಕದ ಪದ್ಧತಿ ಒಪ್ಪಿಕೊಂಡರು. ಹೀಗೆ ಜಗತ್ತಿನಲ್ಲಿ ಮೂರು ದಾರಿಗಳಾದವು.

ಇದರ ಪೆಟ್ಟು ಗೊತ್ತಾದದ್ದು ಎರಡನೇ ಮಹಾಯುದ್ಧದಲ್ಲಿ. ಕಾಲು ಇಂಚಿನ ಇಂಗ್ಲಿಷ್ ಬೋಲ್ಟಿಗೂ ಅಮೆರಿಕದ ಬೋಲ್ಟಿಗೂ ಇಂಚಿಗೆ 20 ಸುತ್ತು. ಎಣಿಸಿದರೆ ಎರಡೂ ಒಂದೇ. ಆದರೆ ಕೋನ ಬೇರೆ, ಸರಿಯಾಗಿ ಕೂರುವುದಿಲ್ಲ. ಇಂಗ್ಲೆಂಡಿನ ರೋಲ್ಸ್ ರಾಯ್ಸ್ ವಿಮಾನ ಎಂಜಿನ್ನನ್ನು ಅಮೆರಿಕದ ಪ್ಯಾಕರ್ಡ್ ಕಂಪನಿ ತಯಾರಿಸಲು ಹೊರಟಾಗ ಇಂಗ್ಲಿಷ್ ಸುತ್ತು ಕೊರೆಯುವ ಸಲಕರಣೆಗಳನ್ನೇ ಹೊಸದಾಗಿ ಮಾಡಿಕೊಳ್ಳಬೇಕಾಯಿತು. ಯುದ್ಧ ಮುಗಿದ ಮೇಲೆ 1948ರಲ್ಲಿ ಅಮೆರಿಕ, ಬ್ರಿಟನ್, ಕೆನಡಾ ಕೂತು 60 ಡಿಗ್ರಿಯ ಒಂದೇ ಸುತ್ತಿಗೆ ಒಪ್ಪಿದವು. ಮುಂದೆ ಐಎಸ್‌ಒ ಸಂಸ್ಥೆಯ ಮಿಲಿಮೀಟರ್ ಸುತ್ತು ಜಗತ್ತಿನ ಬಹುಭಾಗಕ್ಕೆ ಹರಡಿತು.

ಬುಲೆಟ್ಟಿಗೆ ಒಂದು ಸ್ಪ್ಯಾನರ್, ಜಾವಾಕ್ಕೆ ಇನ್ನೊಂದು

ಈ ದೂರದ ಜಗಳ ನಮ್ಮ ಗ್ಯಾರೇಜುಗಳಿಗೂ ಬಂದಿತ್ತು. 1955ರಲ್ಲಿ ಮದ್ರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಶುರುವಾಯಿತು. ಬುಲೆಟ್ ಇಂಗ್ಲೆಂಡಿನಲ್ಲಿ ಹುಟ್ಟಿದ ಗಾಡಿ. ಅದರ ಹಳೆಯ ಮಾದರಿಗಳಲ್ಲಿ ಇದ್ದದ್ದು ಇಂಗ್ಲಿಷ್ ಇಂಚಿನ ಸುತ್ತುಗಳು. ವಿಟ್‌ವರ್ತ್ ಸ್ಪ್ಯಾನರಿನ ಮೇಲೆ ಕಾಲು ಇಂಚು ಎಂದು ಬರೆದಿದ್ದರೆ ಅದು ಸ್ಪ್ಯಾನರಿನ ಬಾಯಿಯ ಅಳತೆಯಲ್ಲ, ಅದು ಹಿಡಿಯುವ ಬೋಲ್ಟಿನ ದಪ್ಪ. ಹೊಸದಾಗಿ ಕೆಲಸ ಕಲಿಯುವವರಿಗೆ ಗೊಂದಲ ಆಗದೆ ಇರುತ್ತದೆಯೇ?

ಆರು ವರ್ಷ ಕಳೆದು, 1961ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆಯಿಂದ ಗಾಡಿಗಳು ಹೊರಬರತೊಡಗಿದವು. ಜಯಚಾಮರಾಜ ಒಡೆಯರ್ ಅದನ್ನು ಉದ್ಘಾಟಿಸಿದ್ದರು. ಜಾವಾ ಅಂದರೆ ಜೆಕೊಸ್ಲೊವಾಕಿಯಾದ ಗಾಡಿ. ಅಲ್ಲಿನದು ಮೊದಲಿನಿಂದಲೂ ಮಿಲಿಮೀಟರ್ ಲೆಕ್ಕ. ನಮ್ಮ ದೇಶವೂ ಅದೇ ಹೊತ್ತಿಗೆ ಸೇರು, ಮಣ ಬಿಟ್ಟು ಕಿಲೋಗೆ, ಆಣೆ ಬಿಟ್ಟು ನಯಾಪೈಸೆಗೆ ಬರುತ್ತಿತ್ತು. ಬುಲೆಟ್ಟೂ ಜಾವಾವೂ ಬರುತ್ತಿದ್ದ ಗ್ಯಾರೇಜಿನಲ್ಲಿ ಎರಡು ಸ್ಪ್ಯಾನರ್ ಸೆಟ್ಟು, ಎರಡು ಡಬ್ಬಿ ಬೋಲ್ಟು ಬೇಕೇ ಬೇಕಿತ್ತು.

1980ರ ದಶಕದಲ್ಲಿ ಜಪಾನಿನ ಜೊತೆಗೂಡಿ ತಯಾರಾದ ಗಾಡಿಗಳು ಬಂದವು. 1985ರಲ್ಲಿ ಹೀರೋ ಹೋಂಡಾ ಸಿಡಿ 100, ಅದೇ ವರ್ಷ ಯಮಹಾ ಆರ್‌ಎಕ್ಸ್ 100. ಇವೂ ಮಿಲಿಮೀಟರ್ ಗಾಡಿಗಳೇ. ಆದರೆ ಇಲ್ಲೊಂದು ಸೂಕ್ಷ್ಮ ಇದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ 10 ಮಿ.ಮೀ. ದಪ್ಪದ ಬೋಲ್ಟಿನ ಸುತ್ತಿನಿಂದ ಸುತ್ತಿಗೆ ಸಾಮಾನ್ಯವಾಗಿ ಒಂದೂವರೆ ಮಿ.ಮೀ. ಅಂತರ. ಜಪಾನಿ ಬೈಕುಗಳಲ್ಲಿ ಅದೇ ದಪ್ಪದ ಬೋಲ್ಟಿಗೆ ಹೆಚ್ಚಾಗಿ ಒಂದೂಕಾಲು ಮಿ.ಮೀ. ಕಣ್ಣಿಗೆ ಎರಡೂ ಒಂದೇ. ಕೈಯಲ್ಲಿ ತಿರುಗಿಸಿದರೆ ಎರಡು ಸುತ್ತು ಸಲೀಸಾಗಿ ಹೋಗುತ್ತದೆ, ಆಮೇಲೆ ಬಿಗಿ. ಆಗ ಸ್ಪ್ಯಾನರ್ ಹಾಕಿ ಎಳೆದರೆ ಎಂಜಿನ್ನಿನ ಅಲ್ಯುಮಿನಿಯಂ ಸುತ್ತು ಕಿತ್ತು ಬರುತ್ತದೆ. ಹತ್ತಾರು ರೂಪಾಯಿಯ ಬೋಲ್ಟಿಗಾಗಿ ಸಾವಿರಾರು ರೂಪಾಯಿಯ ಭಾಗ ಲೇತಿಗೆ ಹೋಗುತ್ತದೆ. ವಿಟ್‌ವರ್ತ್ ಹೇಳಿದ ಮೊದಲ ಪಾಠವೇ ಇದು: ಬೋಲ್ಟಿಗೆ ದಪ್ಪ ಒಂದೇ ಅಳತೆಯಲ್ಲ.

ಹೊಳಪು ಎಲ್ಲಿಂದ ಬಂತು?

ಮೊದಮೊದಲ ಮೋಟಾರ್‌ಸೈಕಲ್ಲುಗಳಲ್ಲಿ ಕ್ರೋಮ್ ಇರಲಿಲ್ಲ. ಹೊಳೆಯಬೇಕಾದ ಭಾಗಕ್ಕೆ ನಿಕ್ಕಲ್ ಲೇಪ. ಅದು ಸ್ವಲ್ಪ ಹಳದಿ ಛಾಯೆಯ ಹೊಳಪು. ದಿನಾ ಉಜ್ಜದಿದ್ದರೆ ಹಿತ್ತಾಳೆ ಚೊಂಬಿನ ಹಾಗೆ ಮಾಸುತ್ತಿತ್ತು.

ಕ್ರೋಮಿಯಂ ಎಂಬ ಲೋಹವನ್ನು ಫ್ರಾನ್ಸಿನ ರಸಾಯನ ವಿಜ್ಞಾನಿ ಲೂಯಿ ನಿಕೋಲಾ ವೋಕೆಲಾ 1797ರಲ್ಲೇ ಸೈಬೀರಿಯಾದ ಕೆಂಪು ಖನಿಜವೊಂದರಲ್ಲಿ ಕಂಡಿದ್ದ. ಅದರಿಂದ ಬಗೆಬಗೆಯ ಬಣ್ಣಗಳು ಬಂದದ್ದರಿಂದ ಗ್ರೀಕ್ ಭಾಷೆಯ ಬಣ್ಣ ಎಂಬ ಪದವೇ ಅದರ ಹೆಸರಾಯಿತು. ಅದನ್ನು ವಿದ್ಯುತ್ತಿನ ಮೂಲಕ ಇನ್ನೊಂದು ಲೋಹದ ಮೇಲೆ ನಂಬಿಕೆಯಿಂದ ಹತ್ತಿಸಲು 1920ರ ದಶಕದವರೆಗೆ ಕಾಯಬೇಕಾಯಿತು. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಕಾಲಿನ್ ಫಿಂಕ್ ಮತ್ತು ಜೊತೆಗಾರರ ಕೆಲಸದಿಂದ ಅದು ಕಾರ್ಖಾನೆಗಳಿಗೆ ಬಂತು. ಆ ದಶಕ ಮುಗಿಯುವಷ್ಟರಲ್ಲಿ ಕಾರು, ಮೋಟಾರ್‌ಸೈಕಲ್ಲುಗಳಲ್ಲಿ ಕ್ರೋಮ್ ನಿಕ್ಕಲನ್ನು ಹಿಂದೆ ಹಾಕತೊಡಗಿತು.

ನಮ್ಮ ಹಿರಿಯರ ಕಣ್ಣಲ್ಲಿ ಈ ಹೊಳಪು ಕೂತದ್ದು ಬಹುಶಃ ಜಾವಾ ಟ್ಯಾಂಕಿನಿಂದ. ಅದರ ಎರಡೂ ಬದಿಯ ಕ್ರೋಮ್, ಉದ್ದನೆಯ ಜೋಡಿ ಸೈಲೆನ್ಸರ್ ನೋಡಲು ಜನ ನಿಲ್ಲುತ್ತಿದ್ದರು. ಅತ್ತ ಅಮೆರಿಕದಲ್ಲಿ ಯುದ್ಧದಿಂದ ಮರಳಿದ ಯುವಕರು ಗಾಡಿಗಳನ್ನು ಬಿಚ್ಚಿ ತಮಗೆ ಬೇಕಾದಂತೆ ಕಟ್ಟಿಕೊಳ್ಳತೊಡಗಿದ್ದರು. 1969ರ ‘ಈಸಿ ರೈಡರ್’ ಸಿನಿಮಾದ ಉದ್ದ ಫೋರ್ಕಿನ, ಮೈತುಂಬ ಕ್ರೋಮ್ ಹೊತ್ತ ಗಾಡಿ ಆ ಗೀಳನ್ನು ಜಗತ್ತಿಗೆ ಹಂಚಿತು. ಮಂಕು ಬೋಲ್ಟು ತೆಗೆದು ಹೊಳೆಯುವ ಬೋಲ್ಟು ಹಾಕುವುದು ಈ ಹವ್ಯಾಸದ ಅಗ್ಗದ, ಸುಲಭದ ಮೆಟ್ಟಿಲು. ಅದಕ್ಕೇ ಅದು ನಮ್ಮ ತಾಲ್ಲೂಕಿನ ಅಂಗಡಿಯವರೆಗೂ ಬಂತು.

ಆ ಹೊಳಪು ಎಷ್ಟು ದಪ್ಪ? ಅಲಂಕಾರದ ಕ್ರೋಮ್ ಪದರ ಸಾಮಾನ್ಯವಾಗಿ ಅರ್ಧ ಮೈಕ್ರಾನಿಗಿಂತ ಕಡಿಮೆ. ಅಂದರೆ ತಲೆಗೂದಲಿನ ದಪ್ಪದ ನೂರನೇ ಒಂದು ಭಾಗಕ್ಕಿಂತ ತೆಳು. ಅದರ ಕೆಳಗೆ ಇರುವ ದಪ್ಪ ನಿಕ್ಕಲ್ ಪದರವೇ ತುಕ್ಕನ್ನು ತಡೆಯುವುದು. ನಿಕ್ಕಲ್ ತೆಳುವಾಗಿದ್ದರೆ ಅದು ಗಿಲೀಟು ಒಡವೆಯೇ. ಒಂದು ಮಳೆಗಾಲ ತಡೆದರೆ ಹೆಚ್ಚು.

ಮಂಕು ಬಣ್ಣದ ಕೆಲಸ

ಕಂಪನಿ ಬೋಲ್ಟಿನ ಮಂಕು ಬೂದು ಅಥವಾ ಹಳದಿ ಬಣ್ಣ ಹೆಚ್ಚಾಗಿ ಸತುವಿನದು. ಸತುವಿಗೊಂದು ಒಳ್ಳೆಯ ಗುಣ ಇದೆ. ಗೀರು ಬಿದ್ದು ಕಬ್ಬಿಣ ಕಾಣಿಸಿದರೂ ಸತು ಮೊದಲು ತಾನು ಸವೆಯುತ್ತದೆ, ಕಬ್ಬಿಣವನ್ನು ಉಳಿಸುತ್ತದೆ. ಕಾವಲಿಗೆ ನಿಂತವನು ಮೊದಲ ಪೆಟ್ಟು ತಾನು ತಿಂದ ಹಾಗೆ. ನಿಕ್ಕಲ್ ಮತ್ತು ಕ್ರೋಮ್ ಜೋಡಿ ಇದಕ್ಕೆ ತದ್ವಿರುದ್ಧ. ಪದರ ಗಟ್ಟಿಯಾಗಿರುವ ತನಕ ಚೆನ್ನ. ಸೂಜಿಮೊನೆಯಷ್ಟು ತೂತು ಬಿದ್ದರೆ ಕೆಳಗಿನ ಕಬ್ಬಿಣವೇ ಮೊದಲು ತುಕ್ಕು ಹಿಡಿಯುತ್ತದೆ, ಅದೂ ಬೇಗ. ಮೇಲೆ ಹೊಳಪು, ಒಳಗೆ ಹುಳುಕು. ಬೆಳ್ಳಗಿರುವುದೆಲ್ಲ ಹಾಲಲ್ಲ.

ಇನ್ನೊಂದು ಮಾತು. ನಿಮ್ಮ ಬೈಕಿನ ಮುಂದಿನ ಫೋರ್ಕಿನ ಪೈಪು ನೋಡಿ. ಅಲ್ಲಿ ಕಂಪನಿಯೇ ಕ್ರೋಮ್ ಹಾಕಿದೆ, ಅಲಂಕಾರದ್ದಕ್ಕಿಂತ ಎಷ್ಟೋ ಪಟ್ಟು ದಪ್ಪದ್ದು. ಆಯಿಲ್ ಸೀಲಿನೊಳಗೆ ದಿನವಿಡೀ ಮೇಲೆ ಕೆಳಗೆ ಉಜ್ಜುವ ಪೈಪು ಸವೆಯಬಾರದು ಎಂದು. ಹೊಳಪಿನಿಂದ ಕೆಲಸ ಆಗುವ ಕಡೆ ಕಂಪನಿಯವರು ಹೊಳಪು ಹಾಕಿಯೇ ಇದ್ದಾರೆ.

ತಲೆಯ ಮೇಲಿನ ಅಂಕಿ

ಬೈಕಿನ ಬೋಲ್ಟಿನ ತಲೆಯ ಮೇಲೆ 8.8 ಅಥವಾ 10.9 ಎಂದು ಒತ್ತಿರುವುದನ್ನು ಕಾಣಬಹುದು. ಕೆಲವು ಜಪಾನಿ ಮೂಲದ ಗಾಡಿಗಳಲ್ಲಿ ಬರೀ 8 ಅಥವಾ 10 ಇರುತ್ತದೆ. ಇದು ಬೋಲ್ಟಿನ ಜಾತಕ. ಮೊದಲ ಅಂಕಿಯನ್ನು ನೂರರಿಂದ ಗುಣಿಸಿ. 8.8 ಎಂದರೆ ಪ್ರತಿ ಚದರ ಮಿ.ಮೀ.ಗೆ 800 ನ್ಯೂಟನ್, ಅಂದರೆ ಸುಮಾರು 80 ಕಿಲೋ ಎಳೆತ ತಡೆಯುತ್ತದೆ. ಚುಕ್ಕಿಯ ನಂತರದ 8, ಆ ಬಲದ ಶೇ. 80ರವರೆಗೆ ಅದು ಹಿಗ್ಗಿದರೂ ಮತ್ತೆ ಮೊದಲಿನ ಉದ್ದಕ್ಕೆ ಬರುತ್ತದೆ ಎಂದು ಹೇಳುತ್ತದೆ.

ಲೆಕ್ಕ ಹಾಕಿದರೆ 8 ಮಿ.ಮೀ. ದಪ್ಪದ 8.8 ಬೋಲ್ಟು ಸುಮಾರು 3 ಟನ್ ಎಳೆತಕ್ಕೆ ತುಂಡಾಗುತ್ತದೆ. ಅದೇ ದಪ್ಪದ 4.6 ಬೋಲ್ಟು ಒಂದೂವರೆ ಟನ್ನಿಗೇ ಹೋಗುತ್ತದೆ. ಕ್ರೋಮ್ ಹಾಕಿದ ಮೇಲೆ ಎರಡೂ ಒಂದೇ ಥರ ಹೊಳೆಯುತ್ತವೆ. ತಲೆ ನುಣ್ಣಗೆ ಕಾಣಲಿ ಎಂದು ಅಂಕಿಯನ್ನೇ ಉಜ್ಜಿ ಅಳಿಸಿದ್ದರಂತೂ ಗುರುತು ಹಿಡಿಯಲು ದಾರಿಯೇ ಇಲ್ಲ.

ಬಿಗಿದ ಬೋಲ್ಟು ನಿಜವಾಗಿ ಒಂದು ಸ್ಪ್ರಿಂಗು. ಬಿಗಿಯುವಾಗ ಕೂದಲೆಳೆಯಷ್ಟು ಹಿಗ್ಗಿ, ಎರಡು ಭಾಗಗಳನ್ನು ಅವುಚಿ ಹಿಡಿದಿರುತ್ತದೆ. ಮೆತ್ತನೆಯ ಬೋಲ್ಟು ಹಿಗ್ಗಿದ್ದು ಹಿಗ್ಗಿದ ಹಾಗೇ ಉಳಿಯುತ್ತದೆ, ಹಿಡಿತ ಸಡಿಲವಾಗುತ್ತದೆ. ಗುಂಡಿ ಬಿದ್ದ ರಸ್ತೆಯಲ್ಲಿ ಬ್ರೇಕ್ ಕ್ಯಾಲಿಪರಿನ ಬೋಲ್ಟು ಹೀಗೆ ಸಡಿಲವಾದರೆ ಏನಾಗಬಹುದು ಎಂದು ಬಿಡಿಸಿ ಹೇಳಬೇಕಿಲ್ಲ.

ಆಸಿಡ್ ತೊಟ್ಟಿಯಿಂದ ಬಂದ ಕಾಣದ ಶತ್ರು

ಹಾಗಾದರೆ ಕಂಪನಿಯ ಗಟ್ಟಿ ಬೋಲ್ಟನ್ನೇ ಒಯ್ದು ಕ್ರೋಮ್ ಹಾಕಿಸಿದರೆ ಆಯಿತಲ್ಲ ಎಂದು ಕೇಳಬಹುದು. ಇಲ್ಲಿ ಇನ್ನೊಂದು ಹಳೆಯ ಪಾಠ ಇದೆ.

1875ರಲ್ಲಿ ಇಂಗ್ಲೆಂಡಿನ ವಿಲಿಯಂ ಜಾನ್ಸನ್ ಒಂದು ವಿಚಿತ್ರ ಗಮನಿಸಿ ಬರೆದ. ಆಸಿಡ್ಡಿನಲ್ಲಿ ಅದ್ದಿ ತೆಗೆದ ಕಬ್ಬಿಣ ಮತ್ತು ಉಕ್ಕು ನೋಡಲು ಸರಿಯಾಗಿಯೇ ಇರುತ್ತದೆ, ಬಗ್ಗಿಸಿದರೆ ಒಣಕಡ್ಡಿಯ ಹಾಗೆ ಮುರಿಯುತ್ತದೆ. ಮುರಿದ ಜಾಗವನ್ನು ಒದ್ದೆ ಮಾಡಿದರೆ ಸಣ್ಣ ಗುಳ್ಳೆ ಏಳುತ್ತದೆ. ಕೆಲ ಕಾಲ ಬಿಟ್ಟರೆ ಮತ್ತೆ ಗಟ್ಟಿಯಾಗುತ್ತದೆ. ಲೋಹದೊಳಗೆ ಹೊಕ್ಕಿದ್ದದ್ದು ಹೈಡ್ರೋಜನ್.

ಪ್ಲೇಟಿಂಗ್ ಮಾಡುವಾಗ ಬೋಲ್ಟನ್ನು ಮೊದಲು ಆಸಿಡ್ಡಿನಲ್ಲಿ ತೊಳೆಯುತ್ತಾರೆ, ನಂತರ ವಿದ್ಯುತ್ ಹರಿಯುವ ತೊಟ್ಟಿಯಲ್ಲಿ ಇಳಿಬಿಡುತ್ತಾರೆ. ಎರಡೂ ಕಡೆ ಹೈಡ್ರೋಜನ್ ಹುಟ್ಟುತ್ತದೆ. ಉಕ್ಕು ಗಟ್ಟಿಯಾದಷ್ಟೂ ಅಪಾಯ ಹೆಚ್ಚು. 12.9 ಅಂಕಿಯ ಅಲೆನ್ ಬೋಲ್ಟುಗಳಿಗೆ ಇದರ ಕಾಟ ಜಾಸ್ತಿ, 10.9ಕ್ಕೂ ಎಚ್ಚರ ಬೇಕು. ಇದಕ್ಕೆ ಮದ್ದು ಇದೆ. ಲೇಪ ಹಾಕಿದ ಕೂಡಲೇ ಸುಮಾರು 200 ಡಿಗ್ರಿ ಶಾಖದಲ್ಲಿ ಹಲವು ಗಂಟೆ ಬೇಯಿಸಿದರೆ ಹೈಡ್ರೋಜನ್ ಬಹುಪಾಲು ಹೊರಹೋಗುತ್ತದೆ. ನೀವು ಕೊಂಡ ಪೊಟ್ಟಣದ ಬೋಲ್ಟನ್ನು ಹಾಗೆ ಬೇಯಿಸಿದ್ದಾರೋ ಇಲ್ಲವೋ ಎಂದು ಕಣ್ಣಿನಿಂದ ನೋಡಿ ಹೇಳಲು ಬರುವುದಿಲ್ಲ.

ಹೈಡ್ರೋಜನ್ ಕಾಟ ದೊಡ್ಡ ದೊಡ್ಡವರನ್ನೂ ಬಿಟ್ಟಿಲ್ಲ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಮತ್ತು ಓಕ್‌ಲ್ಯಾಂಡ್ ನಡುವಿನ ಹೊಸ ಸೇತುವೆಗೆ 2013ರ ಮಾರ್ಚಿನಲ್ಲಿ ಗಟ್ಟಿ ಉಕ್ಕಿನ 96 ಸರಳುಗಳನ್ನು ಬಿಗಿದರು. ಅವುಗಳಿಗೆ ಇದ್ದದ್ದು ಸತುವಿನ ಲೇಪ. ಕೆಲವೇ ದಿನಗಳಲ್ಲಿ 32 ಸರಳು ತುಂಡಾದವು. ಕಾರಣ ಹುಡುಕಿದಾಗ ಸಿಕ್ಕಿದ್ದು ಹೈಡ್ರೋಜನ್. ಬಿಗಿದಾಗ ಮುರಿಯಲಿಲ್ಲ, ಬಿಗಿದು ಬಿಟ್ಟ ಮೇಲೆ ಮುರಿದವು. ಈ ದೋಷದ ಸ್ವಭಾವವೇ ಅದು. ಗ್ಯಾರೇಜಿನಲ್ಲಿ ಗಟ್ಟಿಯಾಗಿದ್ದ ಬೋಲ್ಟು ಎರಡು ದಿನ ಬಿಟ್ಟು ದಾರಿಯಲ್ಲಿ ಕೈಕೊಡಬಹುದು.

ಹೊಳಪಿಗೆ ಬಾವಿಯ ನೀರೂ ಬೆಲೆ ತೆತ್ತಿದೆ

ಕ್ರೋಮಿಯಂ ನಮಗೆ ಪರದೇಶದ ವಸ್ತುವಲ್ಲ. ಅದರ ಅದಿರು ಹಾಸನ ಜಿಲ್ಲೆಯ ನುಗ್ಗೇಹಳ್ಳಿ ಸೀಮೆಯ ಬೈರಾಪುರದಲ್ಲಿ, ಮೈಸೂರು ಬಳಿಯ ಸಿಂಧುವಳ್ಳಿಯಲ್ಲಿ ಸಿಕ್ಕಿದೆ. ದೇಶದ ಬಹುಪಾಲು ಅದಿರು ಇರುವುದು ಒಡಿಶಾದ ಸುಕಿಂದಾ ಕಣಿವೆಯಲ್ಲಿ. ಬೋಲ್ಟಿನ ಮೇಲೆ ಕೂತ ಕ್ರೋಮಿಯಂ ಲೋಹದಿಂದ ತೊಂದರೆ ಇಲ್ಲ. ಪ್ಲೇಟಿಂಗ್ ತೊಟ್ಟಿಯಲ್ಲಿ ದಶಕಗಳಿಂದ ಬಳಸಿದ ಕ್ರೋಮಿಯಂ ದ್ರಾವಣ ಮಾತ್ರ ವಿಷ, ಕ್ಯಾನ್ಸರ್ ತರಬಲ್ಲದ್ದು. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಅಂತರ್ಜಲದಲ್ಲಿ ಈ ಕ್ರೋಮಿಯಂ ಸೇರಿರುವುದು ಪರೀಕ್ಷೆಗಳಲ್ಲಿ ಕಂಡಿದೆ.

ನಮ್ಮ ದೇಶದ ಮಾನದಂಡದ ಪ್ರಕಾರ ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಕ್ರೋಮಿಯಂ 0.05 ಮಿಲಿಗ್ರಾಂ ಮೀರಬಾರದು. ಅಂದರೆ ಒಂದೇ ಒಂದು ಗ್ರಾಂ ಕ್ರೋಮಿಯಂ 20,000 ಲೀಟರ್ ನೀರನ್ನು ಆ ಅಂಚಿಗೆ ತಂದು ನಿಲ್ಲಿಸುತ್ತದೆ. ತೊಟ್ಟಿಯ ನೀರನ್ನು ಶುದ್ಧಮಾಡಿ ಬಿಡಲು ಖರ್ಚಿದೆ. ಆ ಖರ್ಚನ್ನು ತಪ್ಪಿಸಿಕೊಂಡ ಕಡೆ ಸಾಮಾನು ಅಗ್ಗವಾಗುತ್ತದೆ, ಉಳಿದ ಬೆಲೆಯನ್ನು ಸುತ್ತಲಿನ ಬೋರ್‌ವೆಲ್ ಕೊಡುತ್ತದೆ. ಯುರೋಪಿನಲ್ಲಿ ಕಾರುಗಳ ಬಿಡಿಭಾಗಗಳ ಲೇಪದಲ್ಲಿ ಈ ವಿಷದ ರೂಪವನ್ನು 2007ರಿಂದ ನಿಷೇಧಿಸಿದ್ದಾರೆ. ಹಳದಿ ಛಾಯೆಯ ಬೋಲ್ಟುಗಳು ಕಡಿಮೆಯಾಗಿ ಬೆಳ್ಳಿಬಣ್ಣದವು ಹೆಚ್ಚಾಗಿರುವುದಕ್ಕೆ ಇಂಥ ನಿಯಮಗಳೂ ಕಾರಣ.

ಹಾಗಾದರೆ ಬದಲಿಸಬಹುದೇ?

ಬದಲಿಸಬಹುದು, ಜಾಗ ನೋಡಿಕೊಂಡು. ಇಷ್ಟು ಇತಿಹಾಸದಿಂದ ನಾವು ಹೆಕ್ಕಿಕೊಂಡ ಮಾತುಗಳು ಇವು:

• ನಂಬರ್ ಪ್ಲೇಟು, ಸೈಡ್ ಪ್ಯಾನೆಲ್, ಚೈನ್ ಕವರ್, ಇಂಡಿಕೇಟರ್ ಇಂಥ ಕಡೆ ನಿಮ್ಮ ಇಷ್ಟ. ಅಳತೆ ಸರಿಯಿದ್ದರೆ ಸಾಕು.

• ಬ್ರೇಕ್ ಕ್ಯಾಲಿಪರ್, ಡಿಸ್ಕ್, ಚಕ್ರದ ಆಕ್ಸಲ್, ಹ್ಯಾಂಡಲ್ ಹಿಡಿಯುವ ಕ್ಲಾಂಪು, ಫೋರ್ಕು, ಎಂಜಿನ್ ಕೂರಿಸುವ ಬೋಲ್ಟು, ಹಿಂದಿನ ಸ್ಪ್ರಾಕೆಟ್. ಇವುಗಳ ತಂಟೆಗೆ ಹೋಗಬೇಡಿ. ಬದಲಿಸಲೇಬೇಕಾದರೆ ಕಂಪನಿಯ ಬೋಲ್ಟನ್ನೇ ತನ್ನಿ.

• ಎಂಜಿನ್ ಕವರಿನ ಬೋಲ್ಟು ಬದಲಿಸುವಾಗ ಒಂದೊಂದನ್ನೇ ಬಿಚ್ಚಿ, ಅದರ ಪಕ್ಕ ಹೊಸದನ್ನು ಇಟ್ಟು ಉದ್ದ ನೋಡಿ. ಒಂದೇ ಕವರಿನಲ್ಲಿ ಬೇರೆ ಬೇರೆ ಉದ್ದದ ಬೋಲ್ಟು ಇರುತ್ತವೆ. ಉದ್ದದ್ದು ಗಿಡ್ಡ ತೂತಿಗೆ ಹೋದರೆ ಕೇಸಿಂಗ್ ಸೀಳುತ್ತದೆ.

• ಹೊಸ ಬೋಲ್ಟು ಬರಿಗೈಯಲ್ಲೇ ಹಲವು ಸುತ್ತು ಸಲೀಸಾಗಿ ಹೋಗಬೇಕು. ನಡುವೆ ಹಿಡಿದರೆ ಅಲ್ಲಿಗೇ ನಿಲ್ಲಿಸಿ.

• ಮುಚ್ಚಿದ ತಲೆಯ ಹೊಳೆಯುವ ನಟ್ಟು ಹಾಕುವಾಗ ಬೋಲ್ಟಿನ ತುದಿ ಅದರ ಒಳಛಾವಣಿಗೆ ತಾಗುತ್ತದೆಯೇ ನೋಡಿ. ತಾಗಿದರೆ ಕೈಗೆ ಬಿಗಿ ಅನಿಸುತ್ತದೆ, ಒಳಗೆ ಹಿಡಿತ ಇರುವುದಿಲ್ಲ.

• ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟೂ ಹೊಳೆಯುತ್ತದೆ, ಲೇಪದ ಗೊಡವೆ ಇಲ್ಲ. ಆದರೆ ಅದರ ಮೇಲೆ ಸಾಮಾನ್ಯವಾಗಿ ಇರುವ ಎ2-70 ಗುರುತಿನ ಅರ್ಥ 700. ಅಂದರೆ ಅದು 8.8ಕ್ಕಿಂತ ಒಂದು ಮೆಟ್ಟಿಲು ಕೆಳಗೆ. ಅಲ್ಯುಮಿನಿಯಂಗೆ ಹಾಕುವಾಗ ಸುತ್ತಿಗೆ ಅದಕ್ಕೆಂದೇ ಸಿಗುವ ಗ್ರೀಸ್ ಸವರಿ, ಇಲ್ಲವಾದರೆ ಎರಡು ಲೋಹ ಕಚ್ಚಿಕೊಂಡು ಬಿಚ್ಚಲು ಬರುವುದಿಲ್ಲ.

ಬಿಚ್ಚಿದ ಹಳೆಯ ಬೋಲ್ಟುಗಳನ್ನು ಗುಜರಿಗೆ ಹಾಕಬೇಡಿ. ಒಂದು ಡಬ್ಬಿಯಲ್ಲಿ, ಯಾವುದು ಎಲ್ಲಿಯದು ಎಂದು ಚೀಟಿ ಬರೆದು ಇಡಿ. ಗಾಡಿ ಮಾರುವಾಗಲೋ, ಹೊಸ ಬೋಲ್ಟಿಗೆ ತುಕ್ಕು ಬಂದಾಗಲೋ ಬೇಕಾಗುತ್ತದೆ. ಅಂಗಡಿಯಲ್ಲಿ ಪೊಟ್ಟಣ ಕೊಳ್ಳುವ ಮೊದಲು ಬೋಲ್ಟಿನ ತಲೆ ತಿರುಗಿಸಿ ಅಂಕಿ ಹುಡುಕಿ. ಅಂಕಿ ಇಲ್ಲದ ಬೋಲ್ಟು ಎಷ್ಟೇ ಹೊಳೆದರೂ ಅದಕ್ಕೆ ಪ್ರಾಣದ ಹೊಣೆ ಒಪ್ಪಿಸಬೇಡಿ.